ಮಗುವನ್ನೇ ಕೇಳಿ ನೋಡಿದಾಗ

ಇಂಗ್ಲೆಂಡಿನ ದಕ್ಷಿಣ ತೀರಕ್ಕೆ ಎದುರಾಗಿ ಐಲ್ ಆಫ್ ವೈಟ್ ಎಂಬ ಸಣ್ಣ ದ್ವೀಪವಿದೆ. 1964–65ರಲ್ಲಿ ಮೈಕಲ್ ರಟ್ಟರ್ ಎಂಬ ಯುವ ಮನೋವೈದ್ಯರು ಜ್ಯಾಕ್ ಟಿಜಾರ್ಡ್ ಮತ್ತು ಕಿಂಗ್ಸ್ಲಿ ವಿಟ್‌ಮೋರ್ ಅವರ ಜೊತೆಗೂಡಿ ಆ ದ್ವೀಪದ ಹತ್ತು–ಹನ್ನೊಂದು ವರ್ಷದ ಮಕ್ಕಳನ್ನು ಅಧ್ಯಯನಕ್ಕೆ ತೆಗೆದುಕೊಂಡರು. ಆಸ್ಪತ್ರೆಗೆ ಬಂದ ಮಕ್ಕಳನ್ನಷ್ಟೇ ನೋಡಿ ಮಕ್ಕಳ ಮನಸ್ಸಿನ ಬಗ್ಗೆ ಬರೆಯುತ್ತಿದ್ದ ಕಾಲ ಅದು. ರಟ್ಟರ್ ತಂಡ ನೋಡಲು ಹೊರಟದ್ದು ದಿನಾ ಶಾಲೆಗೆ ಹೋಗಿ ಬರುವ, ಬೀದಿಯಲ್ಲಿ ಆಡುವ, ಮನೆಯವರ ಕಣ್ಣಿಗೆ ಚೆನ್ನಾಗಿಯೇ ಇರುವ ಮಕ್ಕಳನ್ನು.

ತಂದೆ ತಾಯಿಯನ್ನು ಕೇಳಿದರು, ಮೇಷ್ಟ್ರುಗಳಿಗೆ ಪ್ರಶ್ನಾವಳಿ ಕೊಟ್ಟರು. ಇಷ್ಟನ್ನು ಬೇರೆಯವರೂ ಮಾಡಿಯಾರು. ರಟ್ಟರ್ ಮತ್ತು ಅವರ ಸಹೋದ್ಯೋಗಿ ಫಿಲಿಪ್ ಗ್ರಹಾಂ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮಗುವನ್ನೇ ಎದುರಿಗೆ ಕೂರಿಸಿಕೊಂಡು ಮಾತಾಡಿಸಿದರೆ ಸಿಗುವ ಉತ್ತರವನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂದು ಅಳೆದರು. 1968ರಲ್ಲಿ ಆ ಕುರಿತ ಪ್ರಬಂಧ ಪ್ರಕಟವಾಯಿತು. ಮಕ್ಕಳ ಮಾತನ್ನು ಪುರಾವೆಯಾಗಿ ತೆಗೆದುಕೊಳ್ಳಬಹುದೇ ಎನ್ನುವುದೇ ಅಂದು ದೊಡ್ಡ ಪ್ರಶ್ನೆಯಾಗಿತ್ತು. ಕ್ರಮಬದ್ಧವಾಗಿ ಕೇಳಿದರೆ ತೆಗೆದುಕೊಳ್ಳಬಹುದು ಎಂದು ಅವರು ತೋರಿಸಿಕೊಟ್ಟರು.

ಮುಂದೆ ಅದೇ ಮಕ್ಕಳು ಹದಿನಾಲ್ಕು–ಹದಿನೈದಕ್ಕೆ ಕಾಲಿಟ್ಟಾಗ ತಂಡ ಮತ್ತೆ ದ್ವೀಪಕ್ಕೆ ಹೋಯಿತು. ಹರೆಯ ಎಂದರೆ ಬಿರುಗಾಳಿ, ಅಪ್ಪ–ಅಮ್ಮನ ಮೇಲೆ ಸಿಡುಕು, ಮನಸ್ಸು ತಲೆಕೆಳಗಾಗುವ ಕಾಲ ಎಂಬ ಮಾತು 1904ರಲ್ಲಿ ಅಮೆರಿಕದ ಜಿ. ಸ್ಟ್ಯಾನ್ಲಿ ಹಾಲ್ ಬರೆದ ಗ್ರಂಥದಿಂದಲೂ ಚಾಲ್ತಿಯಲ್ಲಿತ್ತು. ಮನೋವಿಶ್ಲೇಷಕಿ ಅನ್ನಾ ಫ್ರಾಯ್ಡ್ ಕೂಡ ಆ ವಯಸ್ಸಿನ ಏರುಪೇರನ್ನು ಸಹಜವೆಂದೇ ಕಂಡಿದ್ದರು. ಎಲ್ಲರ ಮನಸ್ಸೂ ಕೆಡುವುದೇ ಸಹಜವಾದರೆ ಯಾರ ಮನಸ್ಸು ನಿಜಕ್ಕೂ ಕೆಟ್ಟಿದೆ ಎಂದು ಹುಡುಕುವ ಗೋಜಿಗೆ ಯಾರು ಹೋಗುತ್ತಾರೆ? ನಮ್ಮಲ್ಲೂ ಇದೇ ಮಾತು ಬೇರೆ ವೇಷದಲ್ಲಿದೆ. ‘ವಯಸ್ಸೇ ಅಂಥದ್ದು, ತಾನೇ ಸರಿಹೋಗ್ತಾನೆ’ ಎಂದುಬಿಟ್ಟರೆ ಮಾತು ಮುಗಿಯಿತು.

ದ್ವೀಪದ ಫಲಿತಾಂಶ 1976ರಲ್ಲಿ ಹೊರಬಂತು. ಅಪ್ಪ–ಅಮ್ಮನಿಂದ ಪೂರ್ತಿ ದೂರವಾದ ಮಕ್ಕಳು ಕಡಿಮೆ ಎಂದು ಗೊತ್ತಾಯಿತು. ಬಿರುಗಾಳಿಯ ಕತೆಯನ್ನು ತುಂಬ ಹಿಗ್ಗಿಸಿ ಹೇಳಲಾಗಿತ್ತು. ಆದರೆ ಮಕ್ಕಳನ್ನೇ ಕೂರಿಸಿ ಕೇಳಿದಾಗ ಐದರಲ್ಲಿ ಎರಡಕ್ಕೂ ಹೆಚ್ಚು ಪಾಲು ಮಕ್ಕಳು ತಮಗೆ ಬಹಳ ಬೇಸರ, ಸಂಕಟ ಆಗುತ್ತಿದೆ ಎಂದರು. ಅವರೆಲ್ಲರಿಗೂ ಕಾಯಿಲೆ ಇತ್ತೆಂದಲ್ಲ, ವೈದ್ಯಕೀಯ ಅರ್ಥದ ಖಿನ್ನತೆ ಇದ್ದವರು ಕೆಲವರೇ. ಆ ಕೆಲವರ ಸಂಖ್ಯೆ ಮಾತ್ರ ಹತ್ತನೇ ವಯಸ್ಸಿಗಿಂತ ಈಗ ಏರಿತ್ತು. ನನ್ನನ್ನು ಹಿಡಿದು ನಿಲ್ಲಿಸಿದ ಅಂಶ ಬೇರೆ. ಮಕ್ಕಳು ಹೇಳಿಕೊಂಡ ಈ ಸಂಕಟದಲ್ಲಿ ಹೆಚ್ಚಿನ ಪಾಲು ಅವರ ಅಪ್ಪ–ಅಮ್ಮನ ಗಮನಕ್ಕಾಗಲಿ ಮೇಷ್ಟ್ರ ಗಮನಕ್ಕಾಗಲಿ ಬಂದಿರಲಿಲ್ಲ. ಅವರು ಕೆಟ್ಟ ತಂದೆತಾಯಿಗಳೂ ಅಲ್ಲ, ನಿರ್ಲಕ್ಷ್ಯದ ಮೇಷ್ಟ್ರುಗಳೂ ಅಲ್ಲ. ಪಕ್ಕದಲ್ಲೇ ಕೂತು ಉಂಡು ಎದ್ದವರಿಗೂ ಅದು ಕಾಣಿಸಿರಲಿಲ್ಲ, ಅಷ್ಟೆ. ಖಿನ್ನತೆಯ ತಪಾಸಣೆ ಎಂದು ಇಂದು ನಾವು ಕರೆಯುವ ಕೆಲಸದ ಬೇರು ಇಲ್ಲಿದೆ ಎಂದು ನಾನು ನಂಬುತ್ತೇನೆ. ಕಂಡುಹಿಡಿದದ್ದು ಹೊಸ ಯಂತ್ರವನ್ನಲ್ಲ, ಹೊಸ ಔಷಧಿಯನ್ನಲ್ಲ. ಕೇಳಬೇಕಾದ್ದು ಯಾರನ್ನು ಎಂಬುದನ್ನು.

ಆ ಹೊತ್ತಿಗೆ ಮಕ್ಕಳಿಗೆ ಖಿನ್ನತೆ ಬರುತ್ತದೆ ಎಂದು ಒಪ್ಪುವುದೇ ಹಲವು ಮನೋವೈದ್ಯರಿಗೆ ಕಷ್ಟವಾಗಿತ್ತು. ಖಿನ್ನತೆಗೆ ಪ್ರೌಢವಾದ ಅಂತಃಸಾಕ್ಷಿ ಬೇಕು, ಮಗುವಿನಲ್ಲಿ ಅದು ಇನ್ನೂ ಬೆಳೆದಿರುವುದಿಲ್ಲ ಎಂಬುದು ಮನೋವಿಶ್ಲೇಷಣೆಯ ವಾದ. ಇನ್ನು ಕೆಲವರು ಮಕ್ಕಳ ಖಿನ್ನತೆ ಮುಸುಕು ಹಾಕಿಕೊಂಡು ಬರುತ್ತದೆ, ತಲೆನೋವು, ಹೊಟ್ಟೆನೋವು, ಹಟ, ಶಾಲೆಗೆ ಚಕ್ಕರ್ ಇವೇ ಅದರ ರೂಪ ಎಂದರು. ಇದರಲ್ಲಿ ಅರ್ಧ ಸತ್ಯವಿದೆ. ತಲೆನೋವು, ಹೊಟ್ಟೆನೋವು ಎಂದುಕೊಂಡೇ ಈ ಮಕ್ಕಳು ಡಾಕ್ಟರ ಹತ್ತಿರ ಬರುತ್ತಾರೆ. ಆದರೆ ನೇರವಾಗಿ ಕೇಳಿದರೆ ಮುಸುಕಿನ ಹಿಂದಿನ ಬೇಸರವನ್ನೂ ಮಕ್ಕಳು ಬಾಯಿಬಿಟ್ಟು ಹೇಳುತ್ತಾರೆ. 1970ರ ದಶಕದ ಕೊನೆಗೆ ನ್ಯೂಯಾರ್ಕಿನಲ್ಲಿ ಹೊಆಕಿಂ ಪುಚ್–ಆಂಟಿಕ್ ವಯಸ್ಕರಿಗೆ ಬಳಸುವ ಲಕ್ಷಣಗಳ ಪಟ್ಟಿಯನ್ನೇ ಹಿಡಿದು ಮಕ್ಕಳಲ್ಲಿ ಖಿನ್ನತೆಯನ್ನು ಗುರುತಿಸಿದರು. ಫಿಲಡೆಲ್ಫಿಯಾದ ಏರನ್ ಬೆಕ್ 1961ರಲ್ಲಿ ದೊಡ್ಡವರಿಗಾಗಿ 21 ಅಂಶಗಳ ಪ್ರಶ್ನಾವಳಿ ಮಾಡಿದ್ದರು. ಅದರ ಜಾಡಿನಲ್ಲೇ ಮರಿಯಾ ಕೊವಾಕ್ಸ್ ಮಕ್ಕಳಿಗೆಂದು 27 ಅಂಶಗಳ ಪ್ರಶ್ನಾವಳಿ ರೂಪಿಸಿದರು. ಇವೆಲ್ಲ ಒಳ್ಳೆಯ ಸಾಧನಗಳೇ. ಆದರೆ ಬಳಕೆಯಾದದ್ದು ಬಹುಪಾಲು ಸಂಶೋಧಕರ ಕೈಯಲ್ಲಿ, ಮನೋವೈದ್ಯರ ಕೋಣೆಯಲ್ಲಿ. ಹದಿನೈದರ ಹುಡುಗಿ ಮನೋವೈದ್ಯರ ಕೋಣೆಗೆ ತಾನಾಗಿ ಹೋಗುವುದು ಎಲ್ಲಿ ಬಂತು? ಅವಳು ಹೋಗುವುದು ಜ್ವರ ಬಂದಾಗ, ಚುಚ್ಚುಮದ್ದಿಗೆ, ಮುಟ್ಟಿನ ಹೊಟ್ಟೆನೋವಿಗೆ, ಕ್ರೀಡಾಕೂಟಕ್ಕೆ ಬೇಕಾದ ಸರ್ಟಿಫಿಕೇಟಿಗೆ. ಹೋಗುವುದು ಊರಿನ ಮಾಮೂಲಿ ಡಾಕ್ಟರ ಹತ್ತಿರ. ಪ್ರಶ್ನೆ ಅಲ್ಲಿಗೆ ತಲುಪಬೇಕಿತ್ತು.

ಮಾಮೂಲಿ ಡಾಕ್ಟರಿಗೆ ಇದ್ದ ಕೊರತೆ ಒಂದೇ, ಸಮಯ. 1980ರಲ್ಲಿ ಅಮೆರಿಕದ ಮನೋರೋಗ ವರ್ಗೀಕರಣದ ಮೂರನೇ ಆವೃತ್ತಿಯನ್ನು ಮುಂದೆ ನಿಂತು ಸಿದ್ಧಪಡಿಸಿದ ರಾಬರ್ಟ್ ಸ್ಪಿಟ್ಜರ್ ಈ ತೊಡಕಿಗೆ ಕೈಹಾಕಿದರು. 1994ರಲ್ಲಿ ಅವರ ತಂಡ ಪ್ರಾಥಮಿಕ ಚಿಕಿತ್ಸೆಯ ವೈದ್ಯರಿಗೆಂದೇ ಪ್ರೈಮ್–ಎಂಡಿ ಎಂಬ ವಿಧಾನವನ್ನು ಹೊರತಂದಿತು. ರೋಗಿ ಮೊದಲು ಒಂದು ಹಾಳೆ ತುಂಬಬೇಕು, ಆಮೇಲೆ ವೈದ್ಯರು ಕೈಪಿಡಿ ನೋಡಿಕೊಂಡು ಪ್ರಶ್ನೆ ಕೇಳಬೇಕು. 1,000 ರೋಗಿಗಳ ಮೇಲೆ ಪ್ರಯೋಗಿಸಿದಾಗ ವೈದ್ಯರಿಗೆ ಸರಾಸರಿ 8.4 ನಿಮಿಷ ಹಿಡಿಯಿತು. ಹೊರಗೆ ಸಾಲು ನಿಂತಿರುವಾಗ ಎಂಟು ನಿಮಿಷ ಅಂದರೆ ದೊಡ್ಡದು, ಯಾವ ವೈದ್ಯರಾದರೂ ಈ ಮಾತನ್ನು ಒಪ್ಪುತ್ತಾರೆ. ಆದ್ದರಿಂದ ಸ್ಪಿಟ್ಜರ್, ಕರ್ಟ್ ಕ್ರೊಂಕಿ, ಜ್ಯಾನೆಟ್ ವಿಲಿಯಮ್ಸ್ ಸೇರಿ ಎಲ್ಲವನ್ನೂ ರೋಗಿಯೇ ತುಂಬುವ ಹಾಗೆ ಬದಲಿಸಿದರು. 1999ರಲ್ಲಿ 3,000 ರೋಗಿಗಳಲ್ಲಿ ನೋಡಿದಾಗ ಬಹುತೇಕ ಸಂದರ್ಭಗಳಲ್ಲಿ ವೈದ್ಯರಿಗೆ ಮೂರು ನಿಮಿಷವೂ ಬೇಕಾಗಲಿಲ್ಲ. ಅದರಲ್ಲಿದ್ದ ಖಿನ್ನತೆಯ ಭಾಗ 2001ರಲ್ಲಿ ಪಿಎಚ್‌ಕ್ಯೂ–9 ಎಂಬ ಹೆಸರಿನಲ್ಲಿ ಬೇರೆಯಾಗಿ ಹೊರಬಂತು. ಮರುವರ್ಷವೇ ಜೆಫ್ರಿ ಜಾನ್ಸನ್ ಮತ್ತು ಸಂಗಡಿಗರು ಹದಿಹರೆಯದವರಿಗೆ ಒಗ್ಗುವ ಹಾಗೆ ತಿದ್ದಿದ ರೂಪವನ್ನು ಪ್ರಕಟಿಸಿದರು.

ಆ ಹಾಳೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಎಡಕ್ಕೆ ಒಂಬತ್ತು ಸಾಲು, ಬಲಕ್ಕೆ ನಾಲ್ಕು ಮನೆ. ಕಳೆದ ಎರಡು ವಾರದಲ್ಲಿ ಈ ತೊಂದರೆ ಎಷ್ಟು ಸಲ ಆಯಿತು ಎಂಬುದೇ ಪ್ರಶ್ನೆ. ಇಲ್ಲವೇ ಇಲ್ಲ ಎಂದರೆ 0, ಕೆಲವು ದಿನ ಎಂದರೆ 1, ಅರ್ಧಕ್ಕಿಂತ ಹೆಚ್ಚು ದಿನ ಎಂದರೆ 2, ಹೆಚ್ಚೂಕಡಿಮೆ ದಿನವೂ ಎಂದರೆ 3. ಹತ್ತನೇ ಕ್ಲಾಸಿನ ಒಬ್ಬ ಹುಡುಗನ ಕೈಗೆ ಇದನ್ನು ಕೊಟ್ಟೆವು ಎಂದುಕೊಳ್ಳಿ. ಮನಸ್ಸು ಕುಗ್ಗಿದೆಯೇ, ರೇಗುತ್ತದೆಯೇ ಎಂಬ ಸಾಲಿನಲ್ಲಿ ಅವನು 0 ಹಾಕುತ್ತಾನೆ. ಗಂಡುಹುಡುಗ, ಬೇಸರ ಎಂದು ಬರೆಯಲು ಅವನಿಗೆ ನಾಚಿಕೆ. ಆಟಪಾಠ ಯಾವುದರಲ್ಲೂ ಆಸಕ್ತಿ ಹುಟ್ಟುತ್ತಿಲ್ಲ, 2. ನಿದ್ದೆ ಬರುವುದಿಲ್ಲ, 3. ಸುಸ್ತು, 2. ಓದುವಾಗ ಗಮನ ನಿಲ್ಲುವುದಿಲ್ಲ, 2. ಮನೆಯವರಿಗೆ ತಾನು ಕೆಟ್ಟ ಹೆಸರು ತರುತ್ತಿದ್ದೇನೆ ಎನ್ನಿಸುತ್ತದೆ, 2. ಕೂಡಿದರೆ 11. ಬೇಸರ ಎಂಬ ಮಾತನ್ನೇ ಎತ್ತದೆ ಅವನು ತನ್ನ ಸ್ಥಿತಿ ಹೇಳಿಬಿಟ್ಟ. ಕೊನೆಯ ಸಾಲು ಸಾವಿನ ಯೋಚನೆ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಒಟ್ಟು ಅಂಕ ಎಷ್ಟೇ ಇರಲಿ, ಆ ಸಾಲಿನಲ್ಲಿ 0 ಬಿಟ್ಟು ಬೇರೇನೇ ಬಂದರೂ ಡಾಕ್ಟರು ಅವತ್ತೇ, ಆ ಮಗು ಮನೆಗೆ ಹೋಗುವ ಮೊದಲೇ, ಕೂತು ಮಾತಾಡಬೇಕು.

ಈ ಒಂಬತ್ತನೇ ಸಾಲು ಹಲವರನ್ನು ಅಳುಕಿಸಿತು. ಸಾಯುವ ಯೋಚನೆ ಬಂದಿದೆಯೇ ಎಂದು ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುವುದಿಲ್ಲವೇ? ಕೆಟ್ಟದ್ದನ್ನು ಬಾಯಲ್ಲಿ ಆಡಬಾರದು ಎಂಬ ಭಯ ಎಲ್ಲ ದೇಶಗಳಲ್ಲೂ ಇದೆ, ವೈದ್ಯರಲ್ಲೂ ಇದೆ. ಕೊಲಂಬಿಯಾ ವಿಶ್ವವಿದ್ಯಾಲಯದ ಮ್ಯಾಡೆಲಿನ್ ಗೌಲ್ಡ್ ಇದನ್ನು ಊಹೆಗೆ ಬಿಡದೆ ಪರೀಕ್ಷೆಗೆ ಒಡ್ಡಿದರು. ನ್ಯೂಯಾರ್ಕ್ ರಾಜ್ಯದ ಆರು ಹೈಸ್ಕೂಲುಗಳ 2,342 ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮೊದಲ ದಿನವೇ ಆತ್ಮಹತ್ಯೆಯ ಪ್ರಶ್ನೆಗಳೂ ಇದ್ದ ಹಾಳೆ, ಇನ್ನೊಂದಕ್ಕೆ ಆ ಪ್ರಶ್ನೆಗಳಿಲ್ಲದ ಹಾಳೆ. ಎರಡು ದಿನದ ನಂತರ ಎಲ್ಲರನ್ನೂ ಮತ್ತೆ ಕೇಳಿದರು. 2005ರಲ್ಲಿ ಪ್ರಕಟವಾದ ಫಲಿತಾಂಶ ಸ್ಪಷ್ಟವಾಗಿತ್ತು. ಪ್ರಶ್ನೆ ಕೇಳಿಸಿಕೊಂಡವರಲ್ಲಿ ಸಂಕಟವಾಗಲಿ ಸಾಯುವ ಯೋಚನೆಯಾಗಲಿ ಹೆಚ್ಚಿರಲಿಲ್ಲ. ಮೊದಲೇ ಖಿನ್ನತೆ ಇದ್ದ ಮಕ್ಕಳು, ಹಿಂದೆ ಆತ್ಮಹತ್ಯೆಗೆ ಪ್ರಯತ್ನಿಸಿದ್ದ ಮಕ್ಕಳು, ಆ ಪ್ರಶ್ನೆ ಕೇಳಿಸಿಕೊಳ್ಳದ ತಮ್ಮಂಥವರಿಗಿಂತ ಸ್ವಲ್ಪ ಹಗುರಾಗಿದ್ದಂತೆ ಕಂಡರು. ಈ ಇಡೀ ಕತೆಯಲ್ಲಿ ಒಂದೇ ಒಂದು ಸಂಶೋಧನೆಯನ್ನು ಪ್ರತಿ ಮನೆಗೂ ಶಾಲೆಗೂ ತಲುಪಿಸಬೇಕು ಎಂದರೆ ನಾನು ಇದನ್ನೇ ಆರಿಸುತ್ತೇನೆ. ಕೇಳುವುದರಿಂದ ಮಗು ಕೆಡುವುದಿಲ್ಲ.

ಆದರೆ ಅದೇ ಹೊತ್ತಿಗೆ ಇನ್ನೊಂದು ಬದಿಯಿಂದ ಗಾಳಿ ಬೀಸಿತ್ತು. 2004ರಲ್ಲಿ ಖಿನ್ನತೆ ಇದ್ದ 439 ಹದಿಹರೆಯದವರ ಮೇಲೆ ನಡೆದ ಟ್ಯಾಡ್ಸ್ ಎಂಬ ಚಿಕಿತ್ಸಾ ಪ್ರಯೋಗ ಪ್ರಕಟವಾಗಿ, ಹನ್ನೆರಡು ವಾರದಲ್ಲಿ ಮಾತ್ರೆ ಮತ್ತು ಮಾತಿನ ಚಿಕಿತ್ಸೆ ಎರಡನ್ನೂ ಪಡೆದವರಲ್ಲಿ ಶೇ. 71 ಮಂದಿ ಸುಧಾರಿಸಿದ್ದು ತಿಳಿಯಿತು. ಹುಸಿಮಾತ್ರೆ ನುಂಗಿದವರಲ್ಲಿ ಆ ಪ್ರಮಾಣ ಶೇ. 35ರ ಹತ್ತಿರ ಇತ್ತು. ಚಿಕಿತ್ಸೆ ಇದೆ ಎಂದಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಖಿನ್ನತೆಯ ಮಾತ್ರೆಗಳ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿದರು. 24 ಪ್ರಯೋಗಗಳನ್ನು ಒಟ್ಟಿಗೆ ನೋಡಿದಾಗ ಆತ್ಮಹತ್ಯೆಯ ಯೋಚನೆ ಮತ್ತು ವರ್ತನೆ ಮಾತ್ರೆ ತೆಗೆದುಕೊಂಡ ಮಕ್ಕಳಲ್ಲಿ ಶೇ. 4, ಹುಸಿಮಾತ್ರೆಯವರಲ್ಲಿ ಶೇ. 2 ಇತ್ತು. ಆ ಪ್ರಯೋಗಗಳಲ್ಲಿ ಯಾವ ಮಗುವೂ ಆತ್ಮಹತ್ಯೆಯಿಂದ ಸತ್ತಿರಲಿಲ್ಲ. ಎಚ್ಚರಿಕೆ ಬೇಕಾಗಿತ್ತು. ಆದರೆ ಅದರ ಬೆನ್ನಿಗೇ ಮಾಮೂಲಿ ಡಾಕ್ಟರುಗಳು ಮಾತ್ರೆ ಬರೆಯುವುದನ್ನಷ್ಟೇ ಅಲ್ಲ, ಖಿನ್ನತೆ ಎಂದು ಗುರುತಿಸುವುದನ್ನೂ ಕಡಿಮೆ ಮಾಡಿದರು. ಮಾತ್ರೆಯ ಭಯ ಪ್ರಶ್ನೆಯನ್ನೂ ನುಂಗಿತು.

ಮುಂದಿನ ಹಂತ ಸಿಯಾಟಲ್‌ನದು. ಅಲ್ಲಿ ಲಾರಾ ರಿಚರ್ಡ್‌ಸನ್ ಮತ್ತು ತಂಡ ಮಾಮೂಲಿ ಕ್ಲಿನಿಕ್ಕುಗಳಿಗೆ ನೋಂದಾಯಿಸಿಕೊಂಡಿದ್ದ 13ರಿಂದ 17 ವರ್ಷದ 442 ಮಕ್ಕಳಿಗೆ ಒಂಬತ್ತು ಪ್ರಶ್ನೆಯ ಹಾಳೆ ಕೊಟ್ಟು, ಜೊತೆಗೆ ದೀರ್ಘ ರೋಗನಿದಾನ ಸಂದರ್ಶನವನ್ನೂ ಮಾಡಿ, ಎರಡನ್ನೂ ತಾಳೆ ನೋಡಿದರು. 2010ರಲ್ಲಿ ಬಂದ ಉತ್ತರ ಹೀಗಿತ್ತು. ಖಿನ್ನತೆ ಇರಬಹುದು ಎನ್ನಲು ದೊಡ್ಡವರಿಗೆ 10 ಅಂಕಕ್ಕೆ ಎಳೆಯುವ ಗೆರೆಯನ್ನು ಹದಿಹರೆಯದವರಿಗೆ 11ಕ್ಕೆ ಎಳೆದರೆ, ನಿಜವಾಗಿ ಖಿನ್ನತೆ ಇರುವವರಲ್ಲಿ ಶೇ. 89.5 ಮಂದಿ ಸಿಗುತ್ತಾರೆ, ಇಲ್ಲದವರಲ್ಲಿ ಶೇ. 77.5 ಮಂದಿಯನ್ನು ಹಾಳೆ ಸರಿಯಾಗಿ ಬಿಡುತ್ತದೆ.

ಈ ಅಂಕಿಗಳು ಕೇಳಲು ಚೆನ್ನಾಗಿವೆ, ಆದರೆ ಒಂದು ಲೆಕ್ಕ ಹಾಕಿ ನೋಡಬೇಕು. ಸಾವಿರ ಮಕ್ಕಳಲ್ಲಿ 50 ಮಂದಿಗೆ ಖಿನ್ನತೆ ಇದೆ ಎಂದಿಟ್ಟುಕೊಳ್ಳೋಣ. ಹಾಳೆ ಅವರಲ್ಲಿ 45 ಮಂದಿಯನ್ನು ಹಿಡಿಯುತ್ತದೆ. ಖಿನ್ನತೆ ಇಲ್ಲದ 950 ಮಕ್ಕಳಲ್ಲಿ ಸುಮಾರು 214 ಮಂದಿಯೂ ಗೆರೆ ದಾಟುತ್ತಾರೆ. ಅಂದರೆ ಗೆರೆ ದಾಟಿದ ಆರು ಮಕ್ಕಳಲ್ಲಿ ಹೆಚ್ಚೂಕಡಿಮೆ ಒಬ್ಬರಿಗೆ ಮಾತ್ರ ಕಾಯಿಲೆ. ಈ ಹಾಳೆ ಬರೀ ಜರಡಿ. ಮೇಲೆ ಉಳಿದದ್ದನ್ನೆಲ್ಲ ಮತ್ತೆ ಕೈಯಲ್ಲಿ ಆರಿಸಬೇಕು, ಅಂದರೆ ಡಾಕ್ಟರು ಒಬ್ಬೊಬ್ಬರನ್ನೂ ಕೂರಿಸಿ ವಿಚಾರಿಸಬೇಕು. ಅಂಕ ನೋಡಿ ನೇರ ಮಾತ್ರೆ ಬರೆದರೆ ಆರರಲ್ಲಿ ಐದು ಮಕ್ಕಳಿಗೆ ಬೇಡದ ಹಣೆಪಟ್ಟಿ ಅಂಟುತ್ತದೆ. ಹಾಳೆಯನ್ನೇ ಬದಿಗಿಟ್ಟರೆ 45 ಮಕ್ಕಳು ಕೈತಪ್ಪುತ್ತಾರೆ.

ಅಮೆರಿಕದಲ್ಲಿ ತಡೆಗಟ್ಟುವ ವೈದ್ಯಕೀಯದ ಬಗ್ಗೆ ಸಲಹೆ ಕೊಡುವ ತಜ್ಞ ಮಂಡಳಿಯೊಂದಿದೆ, ಪ್ರಿವೆಂಟಿವ್ ಸರ್ವಿಸಸ್ ಟಾಸ್ಕ್ ಫೋರ್ಸ್ ಎಂದು. ಅದು 2002ರಲ್ಲಿ ಹದಿಹರೆಯದವರ ವಿಷಯದಲ್ಲಿ ಸಾಕಷ್ಟು ಪುರಾವೆ ಇಲ್ಲ ಎಂದಿತ್ತು. 2009ರಲ್ಲಿ ನಿಲುವು ಬದಲಿಸಿ, 12ರಿಂದ 18 ವರ್ಷದ ಎಲ್ಲರನ್ನೂ ತಪಾಸಣೆ ಮಾಡಿ ಎಂದಿತು. ಅದಕ್ಕೊಂದು ಶರತ್ತಿತ್ತು. ಸರಿಯಾದ ರೋಗನಿದಾನ, ಮಾತಿನ ಚಿಕಿತ್ಸೆ, ಆಮೇಲಿನ ನಿಗಾ ಇವಕ್ಕೆಲ್ಲ ವ್ಯವಸ್ಥೆ ಇದ್ದಲ್ಲಿ ಮಾತ್ರ. 2016ರಲ್ಲಿ, ಮತ್ತೆ 2022ರಲ್ಲಿ ತಪಾಸಣೆಯ ಸಲಹೆಯನ್ನು ಎತ್ತಿಹಿಡಿಯಿತು. ಹನ್ನೊಂದು ಮತ್ತು ಅದಕ್ಕಿಂತ ಚಿಕ್ಕ ಮಕ್ಕಳ ಬಗ್ಗೆ ಈಗಲೂ ಪುರಾವೆ ಸಾಲದು ಎಂದೇ ಹೇಳುತ್ತದೆ. ಎಲ್ಲರೂ ಇದನ್ನು ಒಪ್ಪಿಲ್ಲ. ಬರೀ ತಪಾಸಣೆಯಿಂದ ಮಕ್ಕಳ ಸ್ಥಿತಿ ಸುಧಾರಿಸಿತು ಎಂದು ತೋರಿಸುವ ಪ್ರಯೋಗ ಎಲ್ಲಿದೆ ಎಂದು ಕೆನಡಾದ ಬ್ರೆಟ್ ಥಾಂಬ್ಸ್ ಬಿಡದೆ ಕೇಳುತ್ತಾ ಬಂದಿದ್ದಾರೆ. ಆ ಪ್ರಶ್ನೆಗೆ ತೂಕವಿದೆ, ತಪ್ಪಿಸಿಕೊಂಡು ಹೋಗುವಂಥದ್ದಲ್ಲ.

ಅದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉತ್ತರ ಮತ್ತೆ ರಿಚರ್ಡ್‌ಸನ್ ಅವರದೇ. ವಾಷಿಂಗ್ಟನ್ ರಾಜ್ಯದ ಒಂಬತ್ತು ಕ್ಲಿನಿಕ್ಕುಗಳಲ್ಲಿ ತಪಾಸಣೆಯಲ್ಲಿ ಗೆರೆ ದಾಟಿದ 101 ಹದಿಹರೆಯದವರನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. ಒಂದು ಪಾಲಿಗೆ ತಪಾಸಣೆಯ ಫಲಿತಾಂಶ ತಿಳಿಸಿ, ಬೇಕಾದ ಚಿಕಿತ್ಸೆಯನ್ನು ಮಾಮೂಲಿಯಂತೆ ಪಡೆಯಲು ಬಿಟ್ಟರು. ಇನ್ನೊಂದು ಪಾಲಿನ ಪ್ರತಿ ಮಗುವಿಗೂ ತರಬೇತಿ ಪಡೆದ ಒಬ್ಬ ಆರೈಕೆ ಸಂಯೋಜಕರನ್ನು ಕೊಟ್ಟರು. ಅವರು ಮೊದಲು ಮಗು ಮತ್ತು ತಂದೆತಾಯಿಯನ್ನು ಕೂರಿಸಿಕೊಂಡು ಕಾಯಿಲೆ ಏನೆಂದು ವಿವರಿಸಿದರು. ಮಾತ್ರೆಯೋ, ಮಾತಿನ ಚಿಕಿತ್ಸೆಯೋ, ಎರಡೂವೋ ಎಂಬ ಆಯ್ಕೆಯನ್ನು ಆ ಮನೆಯವರಿಗೇ ಬಿಟ್ಟರು. ಮುಂದೆ ಒಂದು ವರ್ಷ ಬೆನ್ನುಹತ್ತಿ ವಿಚಾರಿಸಿದರು. ಚೇತರಿಕೆ ನಿಧಾನವಾದರೆ ಮನೋವೈದ್ಯರ ಜೊತೆ ಚರ್ಚಿಸಿ ಚಿಕಿತ್ಸೆ ಬದಲಿಸಿದರು. 2014ರಲ್ಲಿ ಫಲಿತಾಂಶ ಬಂತು. ವರ್ಷದ ಕೊನೆಗೆ ಸಂಯೋಜಕರಿದ್ದ ಗುಂಪಿನಲ್ಲಿ ಶೇ. 50.4 ಮಂದಿ ಖಿನ್ನತೆಯಿಂದ ಪೂರ್ತಿ ಹೊರಬಂದಿದ್ದರು, ಇನ್ನೊಂದರಲ್ಲಿ ಶೇ. 20.7.

ಎರಡೂ ಗುಂಪಿನ ಮಕ್ಕಳು ಅದೇ ಹಾಳೆ ತುಂಬಿದ್ದರು ಎಂಬುದನ್ನು ಗಮನಿಸಬೇಕು. ಎರಡೂ ಗುಂಪಿಗೆ ಆಸ್ಪತ್ರೆಯ ಬಾಗಿಲು ತೆರೆದೇ ಇತ್ತು. ನಡುವಿನ ಮೂವತ್ತು ಅಂಶದ ವ್ಯತ್ಯಾಸ ತಪಾಸಣೆಯಾದ ಮೇಲೆ ಮಗುವಿನ ಜೊತೆ ನಿಂತ ಒಬ್ಬ ವ್ಯಕ್ತಿಯಿಂದ ಬಂತು.

ಇಷ್ಟು ಓದಿದ ಮೇಲೆ ನಮ್ಮ ಕಡೆಗೆ ನೋಡದಿರಲು ಆಗುವುದಿಲ್ಲ. ಮಾನಸಿಕ ಆರೋಗ್ಯವನ್ನು ದೊಡ್ಡಾಸ್ಪತ್ರೆಯಿಂದ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಯ್ಯುವ ಪ್ರಯೋಗ ಕರ್ನಾಟಕಕ್ಕೆ ಹೊಸತಲ್ಲ. ನಿಮ್ಹಾನ್ಸ್ ವೈದ್ಯರು 1970ರ ದಶಕದಲ್ಲಿ ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ, 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನು ಮಾಡಿ ತೋರಿಸಿದರು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ಬಳ್ಳಾರಿಯ ಮಾದರಿಯಿಂದ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವಯಸ್ಸಿನವರಲ್ಲಿ ಶೇ. 7.3 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಹದಿಹರೆಯದವರಿಗೆಂದೇ ನಮ್ಮಲ್ಲಿ ಸ್ನೇಹ ಕ್ಲಿನಿಕ್ಕುಗಳಿವೆ. 2022ರ ಅಕ್ಟೋಬರಿನಿಂದ ಟೆಲಿ–ಮಾನಸ್ ಸಹಾಯವಾಣಿ 14416 ಕನ್ನಡದಲ್ಲೂ ಸಿಗುತ್ತದೆ.

ಆದರೂ ಓಪಿಡಿಯಲ್ಲಿ ನಡೆಯುವುದನ್ನು ನೋಡಿ. ‘ಏನಮ್ಮಾ, ಎಷ್ಟು ದಿನದಿಂದ ತಲೆನೋವು?’ ಎಂದು ಡಾಕ್ಟರು ಹುಡುಗಿಯನ್ನು ಕೇಳಿದರೆ, ‘ಹದಿನೈದು ದಿನ ಆಯ್ತು ಸಾರ್, ಸರಿಯಾಗಿ ಊಟಾನೂ ಮಾಡಲ್ಲ, ಯಾವಾಗ್ಲೂ ಮೊಬೈಲು’ ಎಂದು ತಾಯಿಯೇ ಉತ್ತರಿಸುತ್ತಾರೆ. ಹುಡುಗಿ ನೆಲ ನೋಡುತ್ತಾಳೆ. ಮಾತ್ರೆ ಚೀಟಿ ಕೈಗೆ ಬರುತ್ತದೆ, ಮುಂದಿನವರು ಒಳಗೆ ಬರುತ್ತಾರೆ. ‘ಅಮ್ಮಾ, ನೀವೊಂದೈದು ನಿಮಿಷ ಹೊರಗೆ ಕೂತಿರಿ, ಇವಳ ಹತ್ರ ಸ್ವಲ್ಪ ಮಾತಾಡ್ತೀನಿ’ ಎಂದು ಹೇಳಲು ಖರ್ಚೇನೂ ಇಲ್ಲ. ರಟ್ಟರ್ ಆ ದ್ವೀಪದಲ್ಲಿ ಮಾಡಿದ್ದು ಇದನ್ನೇ.

ಹಾಳೆಯನ್ನು ಅಮೆರಿಕದಿಂದ ತಂದು ಹಾಗೆಯೇ ಹಂಚಿದರೆ ಕೆಲಸವಾಗದು. 2007ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು ಬೆಕ್ ಪ್ರಶ್ನಾವಳಿಯನ್ನು ಮಾಮೂಲಿ ಮಕ್ಕಳ ಕ್ಲಿನಿಕ್ಕಿನ ಹದಿಹರೆಯದವರಲ್ಲಿ ಪರೀಕ್ಷಿಸಿ ನೋಡಿದರು. 2013ರಲ್ಲಿ ಕೋಲ್ಕತ್ತಾದಲ್ಲಿ 233 ವಿದ್ಯಾರ್ಥಿಗಳಿಗೆ ಅದೇ ಒಂಬತ್ತು ಪ್ರಶ್ನೆ ಕೊಟ್ಟು ನೋಡಿದಾಗ ಗೆರೆಯನ್ನು 11ಕ್ಕಲ್ಲ, 5ಕ್ಕೆ ಎಳೆಯಬೇಕಾಯಿತು. ಅಷ್ಟು ಅಂತರ ಏಕೆ? ಅಲ್ಲಿನ ಮಕ್ಕಳು ಕಷ್ಟವನ್ನು ಕಡಿಮೆ ಮಾಡಿ ಬರೆದರೋ, ಪ್ರಶ್ನೆಯ ಮಾತು ಬೇರೆಯಾಗಿ ಕೇಳಿಸಿತೋ, ಎರಡೂ ಇರಬಹುದು. ರಾಯಚೂರಿನ ಹಾಸ್ಟೆಲಿನಲ್ಲಿ ಓದುವ ಹುಡುಗನಿಗೂ ಮಂಗಳೂರಿನ ಕಾಲೇಜು ಹುಡುಗಿಗೂ ಯಾವ ಗೆರೆ ಸರಿ ಎಂಬುದನ್ನು ಅವರು ಆಡುವ ಕನ್ನಡದಲ್ಲಿ ಕೇಳಿ, ಇಲ್ಲಿನ ಕ್ಲಿನಿಕ್ಕುಗಳಲ್ಲೇ ಅಳೆಯಬೇಕು. ಗೆರೆ ದಾಟಿದ ಮಗುವಿನ ಮನೆಗೆ ಎರಡನೇ ವಾರ ಫೋನು ಮಾಡುವವರು ಯಾರು, ಸ್ನೇಹ ಕ್ಲಿನಿಕ್ಕಿನ ಆಪ್ತಸಮಾಲೋಚಕರೋ ಆಶಾ ಕಾರ್ಯಕರ್ತೆಯೋ ಎಂಬುದು ಹಾಳೆ ಅಚ್ಚಾಗುವ ಮೊದಲೇ ತೀರ್ಮಾನವಾಗಬೇಕು.